ಬಡವಾದ ಮೈ, ಗುರುತಿಸಿದ ಕಣ್ಣು: ನಳ-ದಮಯಂತಿ ಕಥೆಯಲ್ಲಿ ಕಷ್ಟಕಾಲದ ದಾಂಪತ್ಯ

ಕನ್ನಡದ ‘ಬಡವಾಗು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಒಂದು, ಸಿರಿ ಕಳೆದುಕೊಳ್ಳುವುದು. ಇನ್ನೊಂದು, ಮೈ ಇಳಿಯುವುದು. ಅಕ್ಕಲಕೋಟ, ಜತ್ತ ಭಾಗದ ಹಳ್ಳಿಗಳಲ್ಲಿ ತವರಿಗೆ ಬಂದ ಮಗಳನ್ನು ಕಂಡ ತಾಯಿ “ಎಷ್ಟ ಬಡವಾಗೀಯಲ್ಲವ್ವಾ” ಎಂದರೆ ಅವಳು ಅಳಿಯನ ಆಸ್ತಿಯ ಲೆಕ್ಕ ಕೇಳುತ್ತಿಲ್ಲ. ಮಗಳ ಕೆನ್ನೆ, ತೋಳು, ಕೊರಳ ಎಲುಬು ನೋಡಿ ಆಡುತ್ತಿದ್ದಾಳೆ. ಆದರೂ ಆ ಮಾತಿನ ಅಡಿಯಲ್ಲಿ ಎರಡನೆಯ ಪ್ರಶ್ನೆಯೂ ಇದ್ದೇ ಇರುತ್ತದೆ: ನಿನ್ನನ್ನು ಆ ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತಾರೆ? ಮರಾಠಿಯಲ್ಲಿ ಇದೇ ಸಂದರ್ಭದಲ್ಲಿ ‘ವಾಳಣೆ’ ಎನ್ನುತ್ತಾರೆ. ಅದರ ಮೂಲಾರ್ಥ ಒಣಗುವುದು. ಮರಾಠಿ ಮಾತು ಗಿಡವನ್ನು ನೆನಪಿಸಿದರೆ ಕನ್ನಡ ಮಾತು ಕಣಜವನ್ನು ನೆನಪಿಸುತ್ತದೆ. ಮೈಯ ತೂಕವೂ ಮನೆಯ ಸ್ಥಿತಿಯೂ ಒಂದೇ ಧಾತುವಿನಲ್ಲಿ ಕೂಡಿರುವುದು ಈ ಭಾಷೆಯನ್ನಾಡಿದವರ ಅನುಭವದ ಫಲವೇ ಹೊರತು ಆಕಸ್ಮಿಕವಲ್ಲ.

ಇದೇ ‘ಬಡ’ ಎಂಬ ಪದ ನಮ್ಮ ಹಳೆಯ ಕಾವ್ಯಗಳಲ್ಲಿ ಬೇರೊಂದು ವೇಷದಲ್ಲಿಯೂ ಬರುತ್ತದೆ. ನಾಯಿಕೆಯ ರೂಪವರ್ಣನೆಯಲ್ಲಿ ಕವಿಗಳು ‘ಬಡನಡು’ ಎಂದರೆ ಅದು ಹೊಗಳಿಕೆ. ಅರಮನೆಯಲ್ಲಿ ತೆಳುವಾದ ಸೊಂಟ ಸೌಂದರ್ಯ. ಕಾಡಿನಲ್ಲಿ ತೆಳುವಾದ ಸೊಂಟ ಹಸಿವು. ಒಂದೇ ಮೈ, ಒಂದೇ ವಿಶೇಷಣ. ಊಟ ಇದೆಯೋ ಇಲ್ಲವೋ ಎಂಬುದರ ಮೇಲೆ ಅರ್ಥ ತಲೆಕೆಳಗಾಗುತ್ತದೆ. ನಳ-ದಮಯಂತಿಯರ ಕಥೆಯನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಒಂದು ಪದದ ಬೆನ್ನು ಹಿಡಿದು ಓದಿದರೆ, ಪರೀಕ್ಷೆಯ ಉತ್ತರಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಕಲಿಯ ಪ್ರಭಾವ’ ಮತ್ತು ‘ದಮಯಂತಿಯ ಪಾತಿವ್ರತ್ಯ’ ಎಂಬೆರಡು ಸಿದ್ಧ ವಾಕ್ಯಗಳ ಆಚೆಗೆ ಬಹಳಷ್ಟು ಕಾಣಸಿಗುತ್ತದೆ.

ಕವಿಗಳು ಎಲ್ಲಿ ನಿಂತರು

ಕಥೆಯ ಮೂಲ ಮಹಾಭಾರತದ ವನಪರ್ವ. ಜೂಜಿನಲ್ಲಿ ಎಲ್ಲವನ್ನೂ ಸೋತು ಕಾಡು ಸೇರಿದ ಧರ್ಮರಾಯ, ತನಗಿಂತ ದುಃಖಿಯಾದ ಅರಸ ಯಾರಾದರೂ ಇದ್ದಾನೆಯೇ ಎಂದು ಕೇಳಿದಾಗ ಬೃಹದಶ್ವ ಮುನಿ ನಳನ ಕಥೆ ಹೇಳುತ್ತಾನೆ. ನಿಷಧದ ಅರಸ ನಳ, ವಿದರ್ಭದ ಭೀಮರಾಜನ ಮಗಳು ದಮಯಂತಿ. ಹಂಸದ ಸಂದೇಶ, ದೇವತೆಗಳೇ ನಳನ ರೂಪ ತಾಳಿ ಬಂದ ಸ್ವಯಂವರ. ಅನಂತರ ಪುಷ್ಕರನೊಡನೆ ಜೂಜು, ವನವಾಸ, ಅಗಲಿಕೆ, ವಿರೂಪ, ಪುನರ್ಮಿಲನ. ಈ ಕಥೆಯನ್ನು ಕೈಗೆತ್ತಿಕೊಂಡ ದೊಡ್ಡ ಕವಿಗಳಲ್ಲಿ ಎಷ್ಟೋ ಮಂದಿ ಕಷ್ಟದ ಬಾಗಿಲಿಗೆ ಬರುವ ಮೊದಲೇ ನಿಂತುಬಿಟ್ಟಿದ್ದಾರೆ ಎಂಬುದು ಗಮನಿಸತಕ್ಕ ಸಂಗತಿ. ರಾಷ್ಟ್ರಕೂಟರ ಮೂರನೆಯ ಇಂದ್ರನ ಕಾಲದ ತ್ರಿವಿಕ್ರಮಭಟ್ಟನ ಸಂಸ್ಕೃತ ‘ನಲಚಂಪೂ’ ಮದುವೆಯವರೆಗೂ ಸಾಗುವುದಿಲ್ಲ. ಶ್ರೀಹರ್ಷನ ‘ನೈಷಧೀಯಚರಿತ’ 22 ಸರ್ಗಗಳಷ್ಟು ಬೆಳೆದರೂ ದಂಪತಿಗಳ ಸುಖದಲ್ಲಿಯೇ ಮುಗಿಯುತ್ತದೆ. ಮರಾಠಿಯ ರಘುನಾಥ ಪಂಡಿತನ ಪ್ರಸಿದ್ಧ ಆಖ್ಯಾನದ ಒಲವೂ ಸ್ವಯಂವರದ ಕಡೆಗೇ. ಹೆಸರೇ ಅದನ್ನು ಹೇಳುತ್ತದೆ. ಪಾಂಡಿತ್ಯಕ್ಕೆ ಹಂಸವೂ ಸ್ವಯಂವರವೂ ಸಾಕು. ಕಷ್ಟ ಬೇಕಾದದ್ದು ಜನಕ್ಕೆ.

ಕನ್ನಡದಲ್ಲಿ ನಳನ ಕಥೆಗೆ ಎರಡು ಹೆಸರುಗಳು ಮುಖ್ಯ. ಪಂಢರಪುರದ ವಿಠ್ಠಲನ ಭಕ್ತನಾಗಿದ್ದ ಚೌಂಡರಸನ ‘ನಳಚಂಪು’ ಒಂದು; ಸೊಲ್ಲಾಪುರ ಜಿಲ್ಲೆಯ ಕನ್ನಡ ವಿದ್ಯಾರ್ಥಿಗಳು ಈ ನಂಟನ್ನು ನೆನಪಿಡುವುದು ಒಳ್ಳೆಯದು. ಇನ್ನೊಂದು ಕನಕದಾಸರ ‘ನಳಚರಿತ್ರೆ’. ಭಾಮಿನಿ ಷಟ್ಪದಿಯ ಈ ಕಾವ್ಯ ಸ್ವಯಂವರದ ಸಡಗರದಲ್ಲಿ ನಿಲ್ಲದೆ ಕಥೆಯನ್ನು ಕಾಡಿಗೂ ಅಡುಗೆಮನೆಗೂ ಕರೆದೊಯ್ಯುತ್ತದೆ. ಅತ್ತ ಕೇರಳದಲ್ಲಿ ಉಣ್ಣಾಯಿ ವಾರಿಯರ್ ಇದನ್ನು ನಾಲ್ಕು ದಿನಗಳ ಕಥಕಳಿಯಾಗಿ ಬೆಳೆಸಿದನು. ಕಾಸರಗೋಡಿನ ಕಡೆಯ ಯಕ್ಷಗಾನದ ಪ್ರೇಕ್ಷಕರಿಗೂ ಬಾಹುಕ ಅಪರಿಚಿತನಲ್ಲ. ಆಡಿ ತೋರಿಸುವವರು, ಹಾಡಿ ಹೇಳುವವರು ಸ್ವಯಂವರದಲ್ಲಿಯೇ ನಿಲ್ಲಲಾರರು. ಅವರ ಎದುರಿಗೆ ಕುಳಿತವರ ಮನೆಗಳಲ್ಲಿ ಮದುವೆಯ ಆಮೇಲಿನ ಭಾಗವೇ ನಡೆಯುತ್ತಿರುತ್ತದೆ.

ಈ ಲೇಖನದಲ್ಲಿ ವನಪರ್ವದ ಉಪಾಖ್ಯಾನವನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಅದರ ಪಕ್ಕದಲ್ಲಿ ‘ನಳಚರಿತ್ರೆ’ಯನ್ನು ಇಟ್ಟು ಓದುವ ಕೆಲಸ ವಿದ್ಯಾರ್ಥಿಗಳದು.

ಮೂರು ರಾತ್ರಿ, ಒಂದು ಬಟ್ಟೆ

ಜೂಜಿನ ಪ್ರಸಂಗವನ್ನು ನಳನ ಸೋಲಿನ ಕಥೆಯಾಗಿಯೇ ಓದುವುದು ರೂಢಿ. ಆದರೆ ಅಲ್ಲಿಯೇ ದಮಯಂತಿಯ ಮೊದಲ ದೊಡ್ಡ ನಿರ್ಧಾರವೂ ಇದೆ. ಗಂಡ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ ಎಂದು ತಿಳಿದೊಡನೆ ಅವಳು ಸಾರಥಿ ವಾರ್ಷ್ಣೇಯನನ್ನು ಕರೆಸಿ, ಮಕ್ಕಳಾದ ಇಂದ್ರಸೇನ ಇಂದ್ರಸೇನೆಯರನ್ನು ರಥದಲ್ಲಿ ಕೂರಿಸಿ ತನ್ನ ತವರಾದ ಕುಂಡಿನಪುರಕ್ಕೆ ಕಳುಹಿಸಿಬಿಡುತ್ತಾಳೆ. ರಾಜ್ಯ ಇನ್ನೂ ಪೂರ್ತಿ ಹೋಗಿಲ್ಲ. ಹೋಗುತ್ತದೆಂದು ಅವಳಿಗೆ ಗೊತ್ತು. ಮಕ್ಕಳನ್ನು ಕಳುಹಿಸಿದ ಅವಳು ತಾನು ಹೋಗುವುದಿಲ್ಲ. ಕುಡಿತಕ್ಕೋ ಜೂಜಿಗೋ ಬಿದ್ದ ಗಂಡಸಿನ ಮನೆಯಲ್ಲಿ ಮಕ್ಕಳ ಪುಸ್ತಕದ ಚೀಲವನ್ನು ಮೊದಲೇ ತವರಿಗೆ ಸಾಗಿಸಿಟ್ಟ ಹೆಂಗಸರು ಇಂದಿಗೂ ಇದ್ದಾರೆ. ಅಂಥವರನ್ನು ‘ಪತಿವ್ರತೆ’ ಎಂಬ ಒಂದೇ ಪದದಲ್ಲಿ ಮುಗಿಸಿದರೆ ಅವರ ಬುದ್ಧಿಗೆ ಅನ್ಯಾಯವಾಗುತ್ತದೆ.

ಎಲ್ಲವೂ ಹೋದ ಮೇಲೆ ಪುಷ್ಕರ ಹೇಳುತ್ತಾನೆ: ಇನ್ನು ದಮಯಂತಿ ಉಳಿದಿದ್ದಾಳೆ, ಅವಳನ್ನು ಪಣವಿಡು. ನಳ ಉತ್ತರಿಸುವುದಿಲ್ಲ. ಮೈಮೇಲಿನ ಆಭರಣಗಳನ್ನೆಲ್ಲ ತೆಗೆದಿಟ್ಟು ಒಂದೇ ಬಟ್ಟೆಯಲ್ಲಿ ಹೊರಟುಹೋಗುತ್ತಾನೆ. ಈ ಕಥೆಯನ್ನು ಕೇಳುತ್ತಿರುವವನು ದ್ರೌಪದಿಯನ್ನು ಪಣವಾಗಿ ಒಡ್ಡಿದ ಧರ್ಮರಾಯ ಎಂಬುದನ್ನು ಇಲ್ಲಿ ನೆನೆಯಬೇಕು. ಬೃಹದಶ್ವ ಅದನ್ನು ಎತ್ತಿ ಆಡುವುದಿಲ್ಲ. ಆಡದೆ ಬಿಟ್ಟದ್ದೇ ಆ ಸನ್ನಿವೇಶದ ತೂಕ. ಆದರೆ ಕಥೆ ನಳನನ್ನು ಅಷ್ಟಕ್ಕೇ ಗೆಲ್ಲಿಸುವುದೂ ಇಲ್ಲ. ಹೆಂಡತಿಯನ್ನು ಜೂಜಿನ ಹಲಗೆಯ ಮೇಲೆ ಇಡದ ಅದೇ ಗಂಡಸು ಮುಂದೆ ಅವಳನ್ನು ಕಾಡಿನಲ್ಲಿ ಮಲಗಿಸಿ ಹೋಗುತ್ತಾನೆ.

ನಳನಿಗೆ ಉಪಕಾರ ಮಾಡಿದವರಿಗೆ ಮರಣದಂಡನೆ ಎಂದು ಪುಷ್ಕರ ಡಂಗುರ ಸಾರಿಸುತ್ತಾನೆ. ಊರ ಹೊರಗೆ ಮೂರು ರಾತ್ರಿ ದಂಪತಿಗಳು ಬರಿಯ ನೀರು ಕುಡಿದು ಕಳೆಯುತ್ತಾರೆ. ಹಸಿವು ತಾಳದೆ ನಳ ಹಕ್ಕಿಗಳ ಗುಂಪೊಂದರ ಮೇಲೆ ತನ್ನ ಉಟ್ಟ ಬಟ್ಟೆಯನ್ನೇ ಬಲೆಯಾಗಿ ಬೀಸುತ್ತಾನೆ. ಹಕ್ಕಿಗಳು ಬಟ್ಟೆಯೊಂದಿಗೆ ಹಾರಿಹೋಗುತ್ತವೆ. ತಾವೇ ಆ ಜೂಜಿನ ದಾಳಗಳೆಂದೂ, ಅವನ ಮೈಮೇಲೆ ಬಟ್ಟೆ ಉಳಿದದ್ದನ್ನು ಸಹಿಸದೆ ಬಂದೆವೆಂದೂ ಹೇಳಿ ಹೋಗುತ್ತವೆ. ಅಲ್ಲಿಂದ ಇಬ್ಬರಿಗೂ ದಮಯಂತಿಯ ಒಂದೇ ಸೀರೆ. ಅರಸ ಅರಸಿಯರು ಒಂದು ಅರಿವೆಯ ಎರಡು ತುದಿಗಳನ್ನು ಸುತ್ತಿಕೊಂಡು ನಡೆಯುತ್ತಾರೆ.

ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಒಂದು ಮಾತಿದೆ. ಕಬ್ಬು ಕಡಿಯಲು ಹೋಗುವ ಗಂಡಹೆಂಡತಿ ಇಬ್ಬರನ್ನೂ ಸೇರಿಸಿ ಮುಕಾದಮ ‘ಒಂದು ಕೊಯ್ತಾ’ ಎಂದು ಲೆಕ್ಕ ಹಿಡಿಯುತ್ತಾನೆ. ಕೊಯ್ತಾ ಎಂದರೆ ಕತ್ತಿ. ಮುಂಗಡವಾದ ‘ಉಚಲ್’ ಕೂಡ ಆ ಜೋಡಿಯ ಲೆಕ್ಕಕ್ಕೇ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಜತ್ತದ ಬರಪೀಡಿತ ಹಳ್ಳಿಗಳಿಂದ ಹೊರಟವರು ಹಂಗಾಮು ಮುಗಿಸಿ ಮರಳುವಾಗ ಮೈ ಇಳಿದಿರುತ್ತದೆ, ಮಾತೂ ಇಳಿದಿರುತ್ತದೆ. ಒಂದು ಕತ್ತಿಯಾಗಿ ಎಣಿಸಲ್ಪಟ್ಟ ಇಬ್ಬರ ನಡುವೆ ಆ ತಿಂಗಳುಗಳಲ್ಲಿ ಏನು ನಡೆಯಿತು ಎಂಬುದು ಯಾವ ಲೆಕ್ಕದ ವಹಿಯಲ್ಲಿಯೂ ಇಲ್ಲ. ನಳೋಪಾಖ್ಯಾನದಲ್ಲಿ ಒಂದು ಬಟ್ಟೆಯ ಇಬ್ಬರ ನಡುವೆ ನಡೆದದ್ದು ಇದೆ. ಹಳೆಯ ಕಾವ್ಯವನ್ನು ಓದಲು ಇದಕ್ಕಿಂತ ಬೇರೆ ಕಾರಣ ಬೇಡ.

ದಾರಿ ತೋರಿಸುವ ಗಂಡ

ಕಥೆಯ ನಡುಗಂಬವೆನ್ನಬಹುದಾದ ಭಾಗ ಇದು. ಬೆತ್ತಲೆಯಾದ ನಳ ಕೈಯೆತ್ತಿ ದಾರಿಗಳನ್ನು ತೋರಿಸತೊಡಗುತ್ತಾನೆ. ಇದು ಅವಂತಿಗೆ ಹೋಗುವ ದಾರಿ, ಅಲ್ಲಿ ವಿಂಧ್ಯ, ಇದು ವಿದರ್ಭದ ದಾರಿ, ಅದರಾಚೆ ದಕ್ಷಿಣಾಪಥ. ಒಮ್ಮೆಯಲ್ಲ, ಮತ್ತೆ ಮತ್ತೆ. ಹೊರನೋಟಕ್ಕೆ ಇದು ಭೂಗೋಳದ ಪಾಠ. ದಮಯಂತಿಗೆ ಮಾತ್ರ ಅದರ ಅರ್ಥ ಕ್ಷಣದಲ್ಲಿ ತಿಳಿಯುತ್ತದೆ: ನೀನು ಹೋಗು ಎನ್ನಲಾರದವನು ದಾರಿ ತೋರಿಸುತ್ತಿದ್ದಾನೆ. ಅವಳು ನೇರವಾಗಿಯೇ ಕೇಳುತ್ತಾಳೆ, ಬಿಡುವ ಮನಸ್ಸಿಲ್ಲದಿದ್ದರೆ ವಿದರ್ಭದ ದಾರಿಯನ್ನು ನನಗೇಕೆ ತೋರಿಸುತ್ತಿದ್ದೀಯೆ? ಹಸಿದು ದಣಿದವನಿಗೆ ಹೆಂಡತಿಯಂಥ ಮದ್ದು ಬೇರೆ ಇಲ್ಲವೆಂಬುದು ಅವಳ ವಾದ. ಅದರ ಜೊತೆಗೇ ಅವಳು ವ್ಯವಹಾರದ ಪರಿಹಾರವನ್ನೂ ಮುಂದಿಡುತ್ತಾಳೆ: ಬಂಧುಗಳ ಕಡೆಗೆ ಹೋಗುವುದಾದರೆ ಇಬ್ಬರೂ ಕೂಡಿ ವಿದರ್ಭಕ್ಕೆ ಹೋಗೋಣ, ನನ್ನ ತಂದೆ ನಿನ್ನನ್ನು ಗೌರವದಿಂದ ನೋಡಿಕೊಳ್ಳುತ್ತಾನೆ.

ಇಲ್ಲಿ ವಿದ್ಯಾರ್ಥಿಗಳು ಬೆರಳಿಟ್ಟು ನಿಲ್ಲಬೇಕು. ಕಷ್ಟಕ್ಕೆ ಪರಿಹಾರ ಇತ್ತು. ಅನ್ನ, ಬಟ್ಟೆ, ಸೂರು, ಮಕ್ಕಳು, ಎಲ್ಲವೂ ನಡೆದು ಮುಟ್ಟಬಹುದಾದ ದಾರಿಯ ತುದಿಯಲ್ಲಿದ್ದವು. ನಳ ಒಪ್ಪುವುದಿಲ್ಲ. ಅವನು ಕೊಡುವ ಕಾರಣ ಒಂದೇ: ಸಿರಿವಂತನಾಗಿ ಹೋಗಿ ನಿನ್ನ ಸಂತೋಷ ಹೆಚ್ಚಿಸಿದ ಊರಿಗೆ ಈಗ ಎಲ್ಲ ಕಳೆದುಕೊಂಡು ಹೇಗೆ ಹೋಗಲಿ? ಹಾಗಾದರೆ ಈ ದಾಂಪತ್ಯ ಮುರಿಯುವುದು ಎಲ್ಲಿ? ಹಸಿವಿನಲ್ಲಿ ಅಲ್ಲ, ಮೂರು ರಾತ್ರಿಯ ಹಸಿವನ್ನು ಇಬ್ಬರೂ ಕೂಡಿ ಕಳೆದಿದ್ದರು. ದಮಯಂತಿಯ ಮೈ ಬಾಡಿದ್ದರಿಂದಲೂ ಅಲ್ಲ. ಅವಳ ರೂಪ ಕುಂದಿತೆಂದು ನಳನ ಪ್ರೀತಿ ಕುಂದಿದ ಸೂಚನೆ ಎಲ್ಲಿಯೂ ಇಲ್ಲ. ಮುರಿಯುವುದು ನಾಚಿಕೆಯಲ್ಲಿ. ಮಾವನ ಮನೆಯ ಹೊಸ್ತಿಲಲ್ಲಿ ಈ ಮೈಯನ್ನು, ಈ ಸ್ಥಿತಿಯನ್ನು ನಾಲ್ಕು ಜನ ನೋಡುತ್ತಾರೆಂಬ ಅಳುಕಿನಲ್ಲಿ. ಕಷ್ಟ ಮನುಷ್ಯನನ್ನು ಹತ್ತಿರದವರಿಂದ ದೂರ ಮಾಡುವುದು ಹೀಗೆಯೇ: ಅವರು ನಮ್ಮನ್ನು ತೊರೆಯುವ ಮೊದಲೇ ಅವರ ಕಣ್ಣಿನಿಂದ ತಪ್ಪಿಸಿಕೊಳ್ಳುವ ದಾರಿಯನ್ನು ನಾವು ಹುಡುಕಿರುತ್ತೇವೆ. ಮೈ ದಪ್ಪವಾಯಿತೆಂದು ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟವರೂ, ಬಡಕಲಾದೆನೆಂದು ಗೆಳೆಯರ ಎದುರು ಬಾರದವರೂ ಈ ನಳನ ಬಳಗಕ್ಕೇ ಸೇರಿದವರು. ಎದುರಿನವರ ಮಾತು ಅವರನ್ನು ಚುಚ್ಚಿರಬಹುದು. ಆಡದ ಮಾತು ಅದಕ್ಕಿಂತ ಹೆಚ್ಚು ಚುಚ್ಚಿರುತ್ತದೆ.

ಆ ರಾತ್ರಿ ಕಾಡಿನ ನಡುವಣ ಒಂದು ಬಯಲುಮಂಟಪದಲ್ಲಿ ಇಬ್ಬರೂ ಬರಿನೆಲದ ಮೇಲೆ ಮಲಗುತ್ತಾರೆ. ದಮಯಂತಿಗೆ ನಿದ್ರೆ, ನಳನಿಗೆ ಇಲ್ಲ. ತಾನಿಲ್ಲದಿದ್ದರೆ ಅವಳು ತವರು ಸೇರಿ ಸುಖವಾಗಿರುತ್ತಾಳೆಂದು ಅವನು ತನ್ನನ್ನು ತಾನು ಒಪ್ಪಿಸಿಕೊಳ್ಳುತ್ತಾನೆ. ಅಲ್ಲಿಯೇ ಬಿದ್ದಿದ್ದ ಕತ್ತಿಯಿಂದ ಸೀರೆಯ ಅರ್ಧ ಕತ್ತರಿಸಿ ಉಟ್ಟು ಹೊರಡುತ್ತಾನೆ, ಮರಳಿ ಬರುತ್ತಾನೆ, ನೋಡಿ ಅಳುತ್ತಾನೆ, ಮತ್ತೆ ಹೊರಡುತ್ತಾನೆ. ಅವನ ಮನಸ್ಸು ಉಯ್ಯಾಲೆಯಂತೆ ಹೋಗಿ ಬರುತ್ತಿತ್ತೆಂದು ವ್ಯಾಸರು ವರ್ಣಿಸುತ್ತಾರೆ. ಒಂದು ಕಡೆ ಕಲಿ ಎಳೆಯುತ್ತಾನೆ, ಇನ್ನೊಂದು ಕಡೆ ಸ್ನೇಹ ಎಳೆಯುತ್ತದೆ.

ಕಲಿಯ ವಿಷಯದಲ್ಲಿ ಒಂದು ಮಾತು. ಉತ್ತರಪತ್ರಿಕೆಗಳಲ್ಲಿ ಕಲಿಪುರುಷ ಎಲ್ಲ ತಪ್ಪುಗಳನ್ನೂ ಹೊತ್ತುಕೊಂಡು ಹೋಗುವ ಹಮಾಲನಾಗಿದ್ದಾನೆ. ಉಪಾಖ್ಯಾನದಲ್ಲಿ ಅವನು ಅಷ್ಟು ಸರಳನಲ್ಲ. ಕಲಿ ಜೂಜಾಡಿಸಿದ, ಬುದ್ಧಿ ಕೆಡಿಸಿದ, ನಿಜ. ಆದರೆ ಮಾವನ ಮನೆಗೆ ಬಾರೆನೆಂಬ ಮಾತು ನಳನ ಹಳೆಯ ಅಭಿಮಾನದ ಮಾತು, ಅದಕ್ಕೆ ಕಲಿ ಬೇಕಾಗಿಲ್ಲ. ಉಯ್ಯಾಲೆಯ ಉಪಮೆಯೇ ಸಾಕ್ಷಿ: ಒಂದೇ ಕಡೆಗೆ ಎಳೆದರೆ ಉಯ್ಯಾಲೆಯಾಗದು. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಗಂಡ, ಹೆಂಡತಿ, ಮಗ ಬೇರೆಯಾಗುವುದು ಕೊಟ್ಟ ಮಾತನ್ನು ಉಳಿಸಲು. ಹೆಂಡತಿಗೂ ತಿಳಿದು ನಡೆದ ಅಗಲಿಕೆ ಅದು. ಚಂದ್ರಮತಿ ಮಾರಾಟಕ್ಕೆ ನಿಂತಾಗ ಎಚ್ಚರವಾಗಿದ್ದಳು. ದಮಯಂತಿ ನಿದ್ರೆಯಲ್ಲಿದ್ದಳು. ಎರಡು ದುಃಖಗಳಲ್ಲಿ ಯಾವುದು ದೊಡ್ಡದೆಂದು ತೂಗುವ ಅಗತ್ಯವಿಲ್ಲ, ಆದರೆ ನಂಬಿಕೆಗೆ ಆಗುವ ಗಾಯ ಎರಡನೆಯದರಲ್ಲಿ ಹೆಚ್ಚು ಆಳವೆಂದು ಹೇಳಲೇಬೇಕು.

ಎರಡು ಮೈಗಳು ಗುರುತು ತಪ್ಪಿದ್ದು

ಮುಂದೆ ಇಬ್ಬರ ಮೈಗಳೂ ಬದಲಾಗುತ್ತವೆ, ಬೇರೆ ಬೇರೆ ಬಗೆಯಲ್ಲಿ. ದಮಯಂತಿಯದು ನಿಧಾನದ ಬದಲಾವಣೆ. ಹೆಬ್ಬಾವಿನ ಹಿಡಿತ, ಕಾಪಾಡಿದ ಬೇಡನಿಂದಲೇ ಬಂದ ಅಪಾಯ, ಆನೆಗಳು ತುಳಿದು ಧ್ವಂಸ ಮಾಡಿದ ವರ್ತಕರ ಬಿಡಾರ. ಬದುಕಿ ಉಳಿದ ವರ್ತಕರು, ಈ ಹುಚ್ಚುರೂಪದ ಹೆಂಗಸು ಬಂದದ್ದರಿಂದಲೇ ಅನಿಷ್ಟವಾಯಿತೆಂದು ಅವಳ ಮೇಲೆ ಹೊರಿಸುತ್ತಾರೆ. ಚೇದಿಯ ನಗರಕ್ಕೆ ಬರುವಾಗ ಅವಳು ಅರ್ಧ ಬಟ್ಟೆಯವಳು, ಕೆದರಿದ ಕೂದಲಿನವಳು, ಎಲುಬು ತೋರುವವಳು. ಬೀದಿಯ ಹುಡುಗರು ಹುಚ್ಚಿಯೆಂದು ಬೆನ್ನು ಹತ್ತುತ್ತಾರೆ. ರಾಜಮಾತೆ ಉಪ್ಪರಿಗೆಯಿಂದ ಕಂಡು ಕರೆಸುತ್ತಾಳೆ. ಆ ಸ್ಥಿತಿಯಲ್ಲಿಯೂ ದಮಯಂತಿ ಷರತ್ತು ಹಾಕಿಯೇ ಸೈರಂಧ್ರಿಯಾಗಿ ಸೇರುವುದು: ಎಂಜಲು ಉಣ್ಣುವುದಿಲ್ಲ, ಕಾಲು ತೊಳೆಯುವುದಿಲ್ಲ, ಪರಪುರುಷರೊಡನೆ ಮಾತಾಡುವುದಿಲ್ಲ. ಹಸಿದವಳಿಗೆ ಷರತ್ತೇ ಎಂದು ಯಾರಾದರೂ ಕೇಳಬಹುದು. ನಳನ ಅಭಿಮಾನಕ್ಕೂ ಇವಳ ಅಭಿಮಾನಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅವನದು ಅನ್ನದಿಂದ ಓಡಿಸಿತು. ಇವಳದು ಅನ್ನದ ಎದುರು ತಲೆಯೆತ್ತಿ ನಿಲ್ಲಿಸಿತು.

ಆ ರಾಜಮಾತೆ ದಮಯಂತಿಯ ತಾಯಿಯ ಅಕ್ಕತಂಗಿ. ಅಂದರೆ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬೇಕಾದವಳು ತನ್ನ ಮನೆಯಲ್ಲಿಯೇ ಇದ್ದ ಮಗಳನ್ನು ಗುರುತಿಸಲಿಲ್ಲ! ಗುರುತಿಸಿದವನು ವಿದರ್ಭದಿಂದ ಹುಡುಕಿ ಬಂದ ಬ್ರಾಹ್ಮಣ ಸುದೇವ. ಕೃಶಳಾಗಿ, ಮಾಸಿದ ಮೈಯವಳಾಗಿ ನಿಂತ ಅವಳಲ್ಲಿ ಹಳೆಯ ದಮಯಂತಿಯನ್ನು ಅವನು ಕಾಣುತ್ತಾನೆ. ಹುಬ್ಬುಗಳ ನಡುವೆ ಹುಟ್ಟಿನಿಂದ ಇದ್ದ ಮಚ್ಚೆ ಧೂಳಿನಲ್ಲಿ ಮುಚ್ಚಿಹೋಗಿತ್ತು. ರಾಜಕುಮಾರಿ ಸುನಂದೆ ಅದನ್ನು ಒರೆಸಿದಾಗ ಮೋಡ ಸರಿದಂತೆ ಬೆಳಗಿತು. ಅದನ್ನು ಕಂಡು ರಾಜಮಾತೆ ಅಳುತ್ತಾಳೆ. ರಕ್ತಸಂಬಂಧಕ್ಕೆ ಗುರುತಿನ ಚೀಟಿ ಬೇಕಾಯಿತು ಎಂಬುದು ಈ ಭಾಗದ ಮೆಲುದನಿಯ ವ್ಯಂಗ್ಯ.

ನಳನದು ಒಂದೇ ಕ್ಷಣದ ಬದಲಾವಣೆ. ಕಾಡುಗಿಚ್ಚಿನಲ್ಲಿ ಸಿಕ್ಕ ಕಾರ್ಕೋಟಕನನ್ನು ಅವನು ಎತ್ತಿ ಕಾಪಾಡುತ್ತಾನೆ. ಹೆಜ್ಜೆ ಎಣಿಸುತ್ತ ನಡೆ ಎಂದ ಹಾವು ಹತ್ತನೆಯ ಹೆಜ್ಜೆಗೆ ಕಚ್ಚುತ್ತದೆ. ‘ದಶ’ ಎಂಬ ಸಂಸ್ಕೃತ ಪದಕ್ಕೆ ಹತ್ತು ಎಂದೂ, ಕಚ್ಚು ಎಂದೂ ಅರ್ಥವಾಗುವ ಶ್ಲೇಷ ಅಲ್ಲಿದೆ. ಚೆಲುವ ನಳ ಗಿಡ್ಡ ತೋಳುಗಳ ವಿರೂಪಿ ಬಾಹುಕನಾಗುತ್ತಾನೆ. ಈ ವಿರೂಪ ಶಾಪವಲ್ಲ, ಉಪಕಾರ ಎನ್ನುತ್ತಾನೆ ಕಾರ್ಕೋಟಕ: ಜನ ನಿನ್ನನ್ನು ಗುರುತಿಸದಿರಲಿ ಎಂದೇ ಹೀಗೆ ಮಾಡಿದೆ, ವಿಷ ನಿನ್ನೊಳಗಿನ ಕಲಿಯನ್ನು ಸುಡುತ್ತದೆ. ನಾಚಿಕೆಯಿಂದ ಕಣ್ಣು ತಪ್ಪಿಸಿಕೊಂಡು ಓಡಿದವನಿಗೆ ಯಾರೂ ಗುರುತಿಸದ ಮೈ ಸಿಕ್ಕಿತು. ಬಯಸಿದ್ದೇ ಸಿಕ್ಕಂತಾಯಿತು, ಆದರೆ ಆ ಮೈಯೊಳಗೆ ಅವನು ನೆಮ್ಮದಿಯಾಗಿರಲಿಲ್ಲ. ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ಸಂಜೆಯಾಗುತ್ತಲೇ ಅವನು ದಿನವೂ ಒಂದೇ ಮಾತನ್ನು ಹಾಡಿಕೊಳ್ಳುತ್ತಿದ್ದ: ಹಸಿದು ಬಳಲಿದ ಅವಳು ಆ ಮಂದಬುದ್ಧಿಯವನನ್ನು ನೆನೆಯುತ್ತ ಎಲ್ಲಿ ಮಲಗಿದ್ದಾಳೋ ಎಂದು. ಜೊತೆಗಾರ ಜೀವಲ ಕೇಳಿದಾಗ ಯಾರದೋ ಕಥೆಯೆಂಬಂತೆ ಹೇಳಿ ಜಾರಿಕೊಳ್ಳುತ್ತಾನೆ.

ರೂಪ ಕೆಟ್ಟರೆ ಪ್ರೀತಿ ಕೆಡುತ್ತದೆಯೇ ಎಂಬ ಪ್ರಶ್ನೆ ಕನ್ನಡ ಕಾವ್ಯಕ್ಕೆ ಹೊಸದಲ್ಲ. ಜನ್ನನ ‘ಯಶೋಧರಚರಿತೆ’ (1209) ಇದನ್ನು ತಲೆಕೆಳಗಾಗಿ ಕೇಳುತ್ತದೆ. ಅಲ್ಲಿ ಅಮೃತಮತಿ ರೂಪವಂತನಾದ ಗಂಡನ ಮಗ್ಗುಲಿನಿಂದೆದ್ದು ವಿಕಾರರೂಪದ ಅಷ್ಟಾವಂಕನ ಹಾಡಿಗೆ ಸೋತು ಹೋಗುತ್ತಾಳೆ. ರೂಪ ದಾಂಪತ್ಯಕ್ಕೆ ಕಾವಲಲ್ಲ ಎಂದು ಜನ್ನ ತೋರಿಸಿದ. ವಿರೂಪ ದಾಂಪತ್ಯಕ್ಕೆ ಕೊಡಲಿಯಲ್ಲ ಎಂದು ನಳಕಥೆ ತೋರಿಸುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಪ್ರಬಂಧಕ್ಕೆ ವಿಷಯ ಹುಡುಕುವ ಕಷ್ಟವಿಲ್ಲ.

ನಾಲಗೆಯ ಗುರುತು

ಹುಡುಕುವ ಕೆಲಸವೆಲ್ಲ ದಮಯಂತಿಯದೇ. ಅರ್ಧ ಬಟ್ಟೆ ಕತ್ತರಿಸಿಕೊಂಡು ಹೋದ ಜೂಜುಗಾರನೇ ಎಲ್ಲಿದ್ದೀಯೆ ಎಂಬ ಪ್ರಶ್ನೆಯನ್ನು ಬ್ರಾಹ್ಮಣರ ಬಾಯಲ್ಲಿಟ್ಟು ಊರೂರಿಗೆ ಕಳುಹಿಸುತ್ತಾಳೆ. ಪರ್ಣಾದನೆಂಬವನು ಅಯೋಧ್ಯೆಯಿಂದ ಒಂದು ಉತ್ತರ ತರುತ್ತಾನೆ. ಆಗ ಅವಳು ತಂದೆಗೆ ತಿಳಿಸದೆ, ತಾಯಿಯ ಒಪ್ಪಿಗೆ ಪಡೆದು, ಮರುದಿನವೇ ತನ್ನ ಎರಡನೆಯ ಸ್ವಯಂವರವೆಂಬ ಸುದ್ದಿಯನ್ನು ಸುದೇವನ ಮೂಲಕ ಋತುಪರ್ಣನಿಗೆ ಮುಟ್ಟಿಸುತ್ತಾಳೆ. ಒಂದೇ ದಿನದಲ್ಲಿ ಅಷ್ಟು ದೂರ ರಥ ಓಡಿಸಬಲ್ಲವನು ನಳನೊಬ್ಬನೇ ಎಂಬ ಲೆಕ್ಕ ಅವಳದು. ದಾರಿಯಲ್ಲಿ ತಾರೆಮರದ ಎಲೆಕಾಯಿಗಳ ಎಣಿಕೆ, ಅಕ್ಷಹೃದಯಕ್ಕೂ ಅಶ್ವಹೃದಯಕ್ಕೂ ಆದ ವಿನಿಮಯ, ಕಲಿ ವಿಷ ಕಾರುತ್ತ ಹೊರಬಿದ್ದು ಆ ಮರವನ್ನು ಸೇರಿದ್ದು, ಇವನ್ನೆಲ್ಲ ಪಠ್ಯದಲ್ಲಿ ಓದಿಕೊಳ್ಳಬಹುದು. ಇಲ್ಲಿ ಬೇಕಾದದ್ದು ಒಂದೇ ಅಂಶ: ಕಲಿ ಹೋದ ಮೇಲೂ ನಳನ ರೂಪ ಮರಳುವುದಿಲ್ಲ. ಅವನು ಕುಂಡಿನಪುರಕ್ಕೆ ಬರುವುದು ಬಾಹುಕನಾಗಿಯೇ.

ರಥದ ಸದ್ದು ಕೇಳಿ ದಮಯಂತಿಗೆ ನಳನೆನಿಸುತ್ತದೆ. ಕಣ್ಣಿಗೆ ಕಾಣುವವನು ವಿರೂಪಿ. ಕಿವಿಗೂ ಕಣ್ಣಿಗೂ ಜಗಳ. ಅವಳು ದಾಸಿ ಕೇಶಿನಿಯನ್ನು ಕಳುಹಿಸಿ ಅವನ ನಡೆನುಡಿಯನ್ನು ಗಮನಿಸಲು ಹೇಳುತ್ತಾಳೆ. ಆಮೇಲೆ ಅವನು ಬೇಯಿಸಿದ ಮಾಂಸದ ಒಂದು ತುಂಡನ್ನು ತರಿಸಿ ಬಾಯಿಗಿಡುತ್ತಾಳೆ. ಹಿಂದೆ ಎಷ್ಟೋ ಸಲ ಉಂಡ ರುಚಿ. ಕಣ್ಣು ಸೋತಲ್ಲಿ ನಾಲಗೆ ಗೆಲ್ಲುತ್ತದೆ. ಒಲೆಯ ಮುಂದೆ ಒಟ್ಟಿಗೆ ಕಳೆದ ದಿನಗಳನ್ನು ಮೈ ಬದಲಾಯಿಸಿದರೂ ಅಳಿಸಲಾಗದು ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಸನ್ನಿವೇಶ ನಮ್ಮ ಪುರಾಣಗಳಲ್ಲಿ ಹೆಚ್ಚಿಲ್ಲ. ಮದುವೆಮನೆಯ ಅಡುಗೆಯನ್ನು ಹೊಗಳುವಾಗ ನಾವು ‘ನಳಪಾಕ’ ಎನ್ನುತ್ತೇವೆ. ಆದರೆ ಕಥೆಯಲ್ಲಿ ಆ ಪಾಕ ಕಸುಬಾದದ್ದು ರೂಪ ಕಳೆದುಕೊಂಡು, ಹೆಸರು ಮರೆಸಿಕೊಂಡು, ಇನ್ನೊಬ್ಬ ಅರಸನ ಮನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಎಂಬುದನ್ನು ಆ ಪದ ಮರೆತಿದೆ.

ಮಕ್ಕಳನ್ನು ಕಂಡು ಅಪ್ಪಿ ಅಳುವ ಬಾಹುಕ, ನನ್ನ ಮಕ್ಕಳೂ ಹೀಗೆಯೇ ಇದ್ದರೆಂದು ಕೇಶಿನಿಗೆ ನೆಪ ಹೇಳುತ್ತಾನೆ. ಕೊನೆಗೆ ದಂಪತಿಗಳು ಎದುರಾಗುತ್ತಾರೆ. ದಮಯಂತಿ ಕಾಷಾಯ ವಸ್ತ್ರದವಳು, ಜಡೆಗಟ್ಟಿದ ಕೂದಲಿನವಳು, ಮೈಗೆ ಮಣ್ಣು ಮೆತ್ತಿದವಳು. ನಳ ಇನ್ನೂ ಗಿಡ್ಡ ತೋಳಿನ ಸಾರಥಿ. ಸ್ವಯಂವರ ಮಂಟಪದಲ್ಲಿ ಐದು ಮಂದಿ ಒಂದೇ ರೂಪದ ಚೆಲುವರ ನಡುವೆ ತನ್ನವನನ್ನು ಗುರುತಿಸಿದ್ದ ಅವಳು, ಈಗ ನಳನ ರೂಪವೇ ಇಲ್ಲದ ಒಬ್ಬನಲ್ಲಿ ಅವನನ್ನು ಗುರುತಿಸಬೇಕಾಗಿದೆ. ಅಂದು ದೇವತೆಗಳ ಕಣ್ಣೆವೆ ಮಿಟುಕಲಿಲ್ಲ, ಮೈ ಬೆವರಲಿಲ್ಲ, ಕಾಲು ನೆಲಕ್ಕೆ ತಾಗಲಿಲ್ಲ. ಬಾಡಿದ ಹೂಮಾಲೆಯ, ಬೆವರಿದ ಮೈಯ, ನೆರಳು ಬೀಳುವ ಮನುಷ್ಯನನ್ನೇ ಅವಳು ಆರಿಸಿದ್ದಳು. ಬಾಡುವ ಮೈಯನ್ನು ಆರಿಸಿಕೊಂಡಾಗಲೇ ಅವಳು ಇಂದಿನ ದಿನಕ್ಕೂ ಒಪ್ಪಿಗೆ ಕೊಟ್ಟಂತಾಗಿತ್ತು ಎಂದು ಓದಲು ಅವಕಾಶವಿದೆ.

ಆದರೆ ಒಪ್ಪಿಗೆ ಎಂದರೆ ಮೌನವಲ್ಲ. ಅವಳ ಮೊದಲ ಮಾತು ಪ್ರಶ್ನೆ: ನಿದ್ರಿಸುತ್ತಿದ್ದ ಹೆಂಡತಿಯನ್ನು ನಿರ್ಜನ ಕಾಡಿನಲ್ಲಿ ಬಿಟ್ಟುಹೋದ ಧರ್ಮಜ್ಞನನ್ನು ಎಲ್ಲಾದರೂ ಕಂಡಿದ್ದೀಯಾ ಬಾಹುಕ? ನಾನು ಮಾಡಿದ ತಪ್ಪೇನು? ನಳನ ಉತ್ತರ ಎರಡು ಭಾಗಗಳಲ್ಲಿದೆ. ಅದು ನನ್ನ ಕೆಲಸವಲ್ಲ, ಕಲಿಯದು ಎಂಬುದು ಮೊದಲನೆಯದು. ನೀನು ಎರಡನೆಯ ಗಂಡನನ್ನು ಹುಡುಕಹೊರಟೆಯಲ್ಲ ಎಂಬ ಆಕ್ಷೇಪ ಎರಡನೆಯದು. ಬಿಟ್ಟುಹೋದವನೇ ಶಂಕಿಸುತ್ತಾನೆ, ಹುಡುಕಿದವಳು ಆಣೆಯಿಟ್ಟು ಹೇಳಬೇಕಾಗುತ್ತದೆ. ವಾಯುದೇವ ಸಾಕ್ಷಿ ನುಡಿದು, ಆಕಾಶದಿಂದ ಹೂಮಳೆಯಾದ ಮೇಲೆಯೇ ನಳ ಕಾರ್ಕೋಟಕ ಕೊಟ್ಟ ವಸ್ತ್ರವನ್ನು ಹೊದ್ದು ತನ್ನ ರೂಪ ತಾಳುವುದು. ಈ ಅಸಮಾನತೆಯನ್ನು ಕಾವ್ಯ ಮುಚ್ಚಿಡುವುದಿಲ್ಲ, ತಿದ್ದುವುದೂ ಇಲ್ಲ. ಓದುಗರು ಅದನ್ನು ಕಾಣಬೇಕು, ಕಂಡದ್ದನ್ನು ಉತ್ತರದಲ್ಲಿ ಬರೆಯಬೇಕು. ಹಾಗೆ ಬರೆದರೆ ಪುರಾಣಕ್ಕೆ ಅಪಚಾರವಾಗುತ್ತದೆಂದು ಕೆಲವರು ಅಂಜುತ್ತಾರೆ. ಆ ಪ್ರಶ್ನೆಯನ್ನು ದಮಯಂತಿಯ ಬಾಯಲ್ಲಿ ಇಟ್ಟವರು ವ್ಯಾಸರೇ.

ಇನ್ನು ‘ನಳಚರಿತ್ರೆ’ಯನ್ನು ಕೈಗೆತ್ತಿಕೊಳ್ಳುವವರು ಛಂದಸ್ಸಿನಿಂದ ಆರಂಭಿಸಬಹುದು. ಭಾಮಿನಿ ಷಟ್ಪದಿಯ 1, 2, 4, 5ನೆಯ ಪಾದಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡು ಸಲ ಬಂದು 14 ಮಾತ್ರೆಗಳಾಗುತ್ತವೆ. 3 ಮತ್ತು 6ನೆಯ ಪಾದಗಳಲ್ಲಿ ಅದೇ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ 23 ಮಾತ್ರೆಗಳಾಗುತ್ತವೆ. ಮೂರನೆಯ ಪಾದದ ಕೊನೆಯಲ್ಲಿ ಓದುಗನಿಗೆ ಸಹಜವಾಗಿ ಉಸಿರು ನಿಲ್ಲುತ್ತದೆ. ನಳ ದಮಯಂತಿಯನ್ನು ಬಿಟ್ಟುಹೋಗುವ ಪದ್ಯಗಳನ್ನು ಗಟ್ಟಿಯಾಗಿ ಓದಿ, ವಾಕ್ಯ ಅಲ್ಲಿ ನಿಲ್ಲುತ್ತದೆಯೋ, ನಿಲ್ಲದೆ ನಾಲ್ಕನೆಯ ಪಾದಕ್ಕೆ ಹರಿಯುತ್ತದೆಯೋ ಗುರುತು ಹಾಕಿಕೊಳ್ಳಬೇಕು. ಮೂಲದ ಉಯ್ಯಾಲೆಯನ್ನು ಕನಕದಾಸರು ಉಪಮೆಯಲ್ಲಿ ತಂದರೋ, ಲಯದಲ್ಲಿ ತಂದರೋ, ಬಿಟ್ಟರೋ ಎಂಬುದು ಆಗ ಕಿವಿಗೆ ತಿಳಿಯುತ್ತದೆ. ಹಾಗೆಯೇ ಕಾಡಿನ ದಮಯಂತಿಯನ್ನೂ ಬಾಹುಕನ ಮೈಯನ್ನೂ ವರ್ಣಿಸಲು ಕವಿ ಆರಿಸಿದ ಪದಗಳ ಪಟ್ಟಿ ಮಾಡಿ, ಸ್ವಯಂವರದ ಭಾಗದ ಪದಗಳ ಪಕ್ಕದಲ್ಲಿ ಇಡಬೇಕು. ದಾರಿ ತೋರಿಸುವ ಪ್ರಸಂಗಕ್ಕೆ ಎಷ್ಟು ಪದ್ಯಗಳು ಸಂದಿವೆ, ದಮಯಂತಿಯ ಕೊನೆಯ ಪ್ರಶ್ನೆಗೆ ಎಷ್ಟು, ಎಂಬ ಎಣಿಕೆಯನ್ನು ಬೆರಳಲ್ಲಿಯೇ ಮಾಡಬಹುದು.